ನಿತ್ಯದ ಸುಖವು ಹೀನವೇ?

ಸಂಸಾರದ ಸಣ್ಣ ಸುಖಗಳನ್ನು ಹಳಿಯುವುದೇ ವೈರಾಗ್ಯದ ಲಕ್ಷಣವೆಂದು ಬಗೆದಿರುವ ಪಂಡಿತವರ್ಗವೊಂದು ಕನ್ನಡನಾಡಿನಲ್ಲಿ ಬಹುಕಾಲದಿಂದ ಇದೆ. ಬಿಸಿ ರೊಟ್ಟಿ, ಬೇಸಗೆಯ ರಾತ್ರಿ ಮಾಳಿಗೆಯ ಮೇಲೆ ಸುಳಿಯುವ ಗಾಳಿ, ಮಗುವಿನ ತೊದಲುಮಾತು, ಇವೆಲ್ಲ ಕ್ಷಣಿಕವೆಂದೂ, ಇವುಗಳಲ್ಲಿ ಮನಸ್ಸಿಟ್ಟವನು ಅಲ್ಪನೆಂದೂ ಪುರಾಣದ ಕಟ್ಟೆಯ ಮೇಲೆ ಕುಳಿತು ಸಾರುವರು. ಸಾರಿ ಮನೆಗೆ ಬಂದ ಮೇಲೆ ಅನ್ನವು ತುಸು ಮೆತ್ತಗಾಯಿತೆಂದು ತಟ್ಟೆಯನ್ನು ನೂಕುವವರೂ ಇವರೇ!

ಇವರಿಗೆ ಎದುರಾಳಿಗಳಂತೆ ಕಂಡರೂ ಒಡಹುಟ್ಟಿದವರೇ ಆದ ಇನ್ನೊಂದು ವರ್ಗವು ಸುಖವನ್ನು ಮುಂದೂಡುವವರದು. ಮಗಳ ಮದುವೆಯಾಗಲಿ, ಮಗನಿಗೆ ಬೆಂಗಳೂರಿನಲ್ಲಿ ನೌಕರಿ ಸಿಕ್ಕಲಿ, ಹಳೆಯ ಮಣ್ಣಿನ ಮನೆ ಹೋಗಿ ಹೊಸದು ಏಳಲಿ, ಆಮೇಲೆ ನೆಮ್ಮದಿ ಎನ್ನುವರು. ಆ ಆಮೇಲೆ ಎಂಬುದು ಬರುವ ಹೊತ್ತಿಗೆ ಹಲ್ಲೂ ಇರುವುದಿಲ್ಲ, ಕಡಲೆಯೂ ಇರುವುದಿಲ್ಲ.

ಮೊದಲಿನವರು ಆಶ್ರಯಿಸುವುದು ಉಪನಿಷತ್ತನ್ನು. ಆದರೆ ತೈತ್ತಿರೀಯವನ್ನು ಕಂಠಪಾಠ ಮಾಡಿದವರೂ ಅದರ ಅನುಕ್ರಮವನ್ನು ಗಮನಿಸಿದಂತೆ ಕಾಣದು. ವರುಣನ ಮಗನಾದ ಭೃಗುವು ತಪಸ್ಸಿನಿಂದ ಮೊದಲು ಅನ್ನವನ್ನೇ ಬ್ರಹ್ಮವೆಂದು ತಿಳಿದನು. ಬಳಿಕ ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಕಡೆಗೆ ಆನಂದವನ್ನು ಮುಟ್ಟಿದನು. ಅಷ್ಟು ಎತ್ತರಕ್ಕೆ ಏರಿದ ಮೇಲೆ ಅನ್ನವನ್ನು ಕೀಳೆನ್ನಬಹುದಿತ್ತಷ್ಟೆ? ಉಪನಿಷತ್ತು ಮಾಡಿದ್ದು ಇದಕ್ಕೆ ವಿರುದ್ಧ. ಆನಂದವನ್ನು ಹೇಳಿದ ಮರುಅನುವಾಕದಲ್ಲಿಯೇ ಅನ್ನವನ್ನು ನಿಂದಿಸದಿರುವುದನ್ನು ವ್ರತವಾಗಿ ವಿಧಿಸಿದೆ. ಅದಕ್ಕೂ ಹಿಂದಿನ ವಲ್ಲಿಯಲ್ಲಿ ಮನುಷ್ಯನಿಂದ ಬ್ರಹ್ಮನವರೆಗೆ ಆನಂದವನ್ನು ನೂರರಿಂದ ಗುಣಿಸುತ್ತ ಹೋಗುವಾಗ, ಆಸೆಯ ಪೆಟ್ಟು ತಗುಲದ ಶ್ರೋತ್ರಿಯನಿಗೆ ಆ ಆನಂದಗಳೆಲ್ಲ ಉಂಟೆಂದು ಮೆಟ್ಟಿಲು ಮೆಟ್ಟಿಲಿಗೂ ಹೇಳಿದೆ. ಬಿಡಬೇಕಾದದ್ದು ಇಲ್ಲದ್ದಕ್ಕಾಗಿ ಹಂಬಲಿಸುವುದನ್ನು, ಇದ್ದುದರ ಸವಿಯನ್ನಲ್ಲ.

ಶಾಸ್ತ್ರವು ಸಾಲದೆಂದರೆ ಮಸ್ಕಿಯ ಬಂಡೆಯಿದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರನು ಕಂಡ ಈ ಪ್ರಾಕೃತ ಶಾಸನವು ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಸ್ಥಿರಪಡಿಸಿತೆಂದು ಶಾಲೆಯ ಮಕ್ಕಳೂ ಬಲ್ಲರು. ಹೆಸರಿನ ಗದ್ದಲದಲ್ಲಿ ಒಳಗಿನ ಮಾತನ್ನು ಕೇಳುವವರು ಕಡಮೆ. ಈ ಫಲವು ದೊಡ್ಡವರಿಗೆ ಮಾತ್ರ ಎಣಿಸಿದ್ದೆಂದು ತಿಳಿಯಬಾರದು, ಧರ್ಮದಲ್ಲಿ ನಿಂತ ಸಣ್ಣವನೂ ಇದನ್ನು ಪಡೆಯಬಲ್ಲನು ಎಂಬುದೇ ಆ ಮಾತಿನ ತಾತ್ಪರ್ಯ. ಅರಸನು ಹೇಳಿದ್ದು ಧರ್ಮಫಲವನ್ನು, ರೊಟ್ಟಿಯ ಸುಖವನ್ನಲ್ಲವೆಂದು ಆಕ್ಷೇಪಿಸಬಹುದು. ಒಪ್ಪತಕ್ಕದ್ದೇ. ಆದರೆ ಸ್ವರ್ಗವನ್ನೇ ಸಣ್ಣವನಿಗೆ ತೆರೆದಿಟ್ಟ ಮೇಲೆ, ಅವನ ಅಂಗಳದ ಸಂತೋಷವನ್ನು ಅಲ್ಪವೆನ್ನಲು ಪಂಡಿತರಿಗೆ ಅಧಿಕಾರ ಕೊಟ್ಟವರಾರು?

ಇನ್ನೊಂದು ಆಕ್ಷೇಪವು ಹೆಚ್ಚು ತೂಕದ್ದು. ತೃಪ್ತಿಯ ಉಪದೇಶವು ಉಳ್ಳವರಿಗೆ ಅನುಕೂಲ, ಕೂಲಿಯವನ ಬಾಯಿಗೆ ಬೀಗ ಎನ್ನುವರು. ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ನೀರಿಗಾಗಿ ಕಾಯುವ ರೈತನಿಗೆ ತಂಗಾಳಿಯನ್ನು ಹೊಗಳಿ ತೋರಿಸುವುದು ನಿಜಕ್ಕೂ ಕ್ರೌರ್ಯ. ಅವನಿಗೆ ನೀರು ಬರಬೇಕು, ಕೂಲಿಯವನಿಗೆ ಸರಿಯಾದ ಕೂಲಿ ಬರಬೇಕು. ಆದರೆ ಸಾಕು ಎಂಬ ಮಾತನ್ನು ಬಡವರಿಗೆ ಹೊರಗಿನವರು ಕಲಿಸಿದರೆಂಬುದು ಸುಳ್ಳು. ಲಿಂಗಸುಗೂರು ಸೀಮೆಯ ಅಮರೇಶ್ವರದವರೆಂದು ಪ್ರತೀತಿಯುಳ್ಳ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು 12ನೆಯ ಶತಮಾನದಲ್ಲಿ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬಾಳಿದವರು. ಒಂದು ದಿನ ಗಂಡನು ಬೇಕಾದುದಕ್ಕಿಂತ ಹೆಚ್ಚು ತಂದಾಗ, ಅದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಕಳುಹಿಸಿದವಳು ಲಕ್ಕಮ್ಮ. ಆ ಅಳತೆಯನ್ನು ಆಕೆಗೆ ಯಾವ ಸಾಹುಕಾರನೂ ಹೇಳಿಕೊಡಲಿಲ್ಲ.

ಲಕ್ಕಮ್ಮನ ಹೆಸರು ಬಂದುದರಿಂದ, ಸಣ್ಣ ಸುಖಗಳನ್ನು ಹೊಗಳುವ ಗೃಹಸ್ಥರನ್ನೂ ಒಂದು ಮಾತು ಕೇಳಬೇಕಾಗಿದೆ. ರಾಯಚೂರು ಸೀಮೆಯ ವೈಶಾಖದಲ್ಲಿ, ಹೊರಗೆ ನೆಲವೇ ಹೆಂಚಾಗಿರುವಾಗ, ಒಳಗೆ ಇನ್ನೊಂದು ಹೆಂಚಿನ ಮುಂದೆ ಕುಳಿತು ರೊಟ್ಟಿ ಬಡಿಯುವವಳು ಯಾರು? ಬಿಸಿ ರೊಟ್ಟಿಯೂ ಪುಂಡಿಪಲ್ಯವೂ ಸೇರಿದ ಸುಖವನ್ನು ವರ್ಣಿಸುವ ಯಜಮಾನನಿಗೆ ತನ್ನ ಹೆಂಡತಿಯು ಉಣ್ಣುವ ರೊಟ್ಟಿ ಆರಿರುತ್ತದೆಂಬುದು ತಿಳಿದಿದೆಯೇ? ಪಂಡಿತನು ಸುಖವನ್ನು ಹಳಿಯುವುದೂ ಗೃಹಸ್ಥನು ಸವಿಯುವುದೂ ಆಕೆಯ ಬೆವರಿನ ಮೇಲೆಯೇ.

ಎಳ್ಳಮಾವಾಸ್ಯೆಯ ದಿನ ಈ ಸೀಮೆಯ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವರು. ಹಿಂದಿನ ದಿನವೇ ಬಡಿದಿಟ್ಟ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆಗಳು ಬುತ್ತಿಯಲ್ಲಿರುತ್ತವೆ. ಭೂಮಿತಾಯಿಗೆ ಚರಗ ಚೆಲ್ಲಿದ ಮೇಲೆ ಜೋಳದ ದಂಟಿನ ನೆರಳಿನಲ್ಲಿ ಅತ್ತೆ ಸೊಸೆ, ಅಪ್ಪ ಮಗ, ಆಳು ಒಡೆಯ ಒಟ್ಟಿಗೆ ಕುಳಿತು ಉಣ್ಣುವರು. ಬಯಲಿನಲ್ಲಿ ಒಂದು ದಿನ ನಡೆಯುವ ಈ ಊಟವು ಉಳಿದ ದಿನಗಳಲ್ಲಿ ಅಡಿಗೆಮನೆಯ ಹೊಸ್ತಿಲನ್ನು ಏಕೆ ದಾಟಲಾರದೆಂಬುದಕ್ಕೆ ಪಂಡಿತರೂ ಗೃಹಸ್ಥರೂ ಕೂಡಿ ಉತ್ತರ ಕೊಡಲಿ.