ಹಿಮ್ಮೇಳವಿಲ್ಲದ ಹಾಡು

ಶಿವಮೊಗ್ಗದ ಹೆಸರನ್ನು ತಮ್ಮ ಹೆಸರಿನ ಮುಂದೆ ಧರಿಸಿ ನಾಡಿನಲ್ಲೆಲ್ಲ ಹಾಡಿದವರು ಶಿವಮೊಗ್ಗ ಸುಬ್ಬಣ್ಣನವರು. 1938ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಜನಿಸಿ, ವಕೀಲಿ ವೃತ್ತಿಯೊಡನೆ ಗಾನವನ್ನೂ ಸಾಧಿಸಿ, 2022ರ ಆಗಸ್ಟ್ 11ರಂದು ದಿವಂಗತರಾದ ಈ ಮಹನೀಯರಿಗೆ ‘ಕಾಡು ಕುದುರೆ’ ಚಿತ್ರದ ಹಾಡು 26ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯನ್ನು ತಂದಿತು. ಕನ್ನಡದ ಹಿನ್ನೆಲೆ ಗಾಯಕರಲ್ಲಿ ಆ ಮನ್ನಣೆಗೆ ಪಾತ್ರರಾದವರು ಅವರೇ ಮೊದಲಿಗರು. ಹಾಡನ್ನು ಕಟ್ಟಿದವರು ಬೆಳಗಾವಿ ಸೀಮೆಯ ಚಂದ್ರಶೇಖರ ಕಂಬಾರರು, ಕಂಠ ಮಲೆನಾಡಿನದು. ಗೆದ್ದದ್ದು ಹಳ್ಳಿಯ ಧಾಟಿ ಎಂಬುದನ್ನು ಮರೆಯುವಂತಿಲ್ಲ.

ಒಂದು ಕಂಠಕ್ಕೆ ಕೀರ್ತಿ ಬಂದುದು ಸಂತೋಷವೇ. ಆದರೆ ಅದೇ ಹೊಸನಗರ, ತೀರ್ಥಹಳ್ಳಿ, ಸಾಗರಗಳ ಹಳ್ಳಿಗಳಲ್ಲಿ ಹಾಡೆಂಬುದು ಒಬ್ಬನ ಸೊತ್ತಾಗಿರಲಿಲ್ಲ, ಅದು ಮೇಳದ್ದು. ದೀಪಾವಳಿಯ ಅಂಟಿಗೆ-ಪಂಟಿಗೆಯವರನ್ನೇ ನೋಡಬಹುದು. ಬಲಿಪಾಡ್ಯಮಿಯ ರಾತ್ರಿ ಊರ ದೇವರ ಮುಂದೆ ಹೊತ್ತಿಸಿದ ದೀಪವನ್ನು ಗಾಳಿಗೆ ಆರದಂತೆ ಕಾಪಾಡುತ್ತ ಮನೆಯಿಂದ ಮನೆಗೆ, ಊರಿಂದೂರಿಗೆ ಒಯ್ಯುವರು. ಮುಚ್ಚಿದ ಬಾಗಿಲೆದುರು ನಿಂತು, ಅದನ್ನು ತೆರೆಯಿರೆಂದು ಹಾಡುವರು. ಬಾಗಿಲು ತೆರೆದ ಮೇಲೆ ಹಾಡು ಬೇರೆ. ಮನೆಯೊಡತಿ ದೀಪಕ್ಕೆ ಎಣ್ಣೆಯೆರೆದು, ಅದರಿಂದ ತನ್ನ ದೀಪವನ್ನು ಹೊತ್ತಿಸಿಕೊಳ್ಳುವಳು. ಅಕ್ಕಿ, ಕಾಯಿ, ಕಾಸು ಕೊಡುವಳು.

ವಾದ್ಯವಿಲ್ಲ, ಕಂಠವೇ ಸರ್ವಸ್ವ. ಮುಂದೆ ನಿಂತ ಇಬ್ಬರು ಒಂದು ಸೊಲ್ಲನ್ನು ಹಾಡಿದರೆ ಹಿಂದಿನವರು ಅದನ್ನೇ ಎತ್ತಿಕೊಳ್ಳುವರು. ಆ ಅವಕಾಶದಲ್ಲಿ ಮುಮ್ಮೇಳದವರು ಉಸಿರು ತಿರುಗಿಸಿಕೊಂಡು ಮುಂದಿನ ಸೊಲ್ಲನ್ನು ನೆನೆಯುವರು. ರಾತ್ರಿಯಿಡೀ ಹಾಡು ನಡೆಯುವ ಗುಟ್ಟು ಇಷ್ಟೇ. ಹಿಂದಿನ ಸಾಲು ಹಾಡಿಗೆ ಅಲಂಕಾರವಲ್ಲ, ಶ್ವಾಸ. ಅದು ಪಾಠಶಾಲೆಯೂ ಹೌದು. ವರ್ಷವರ್ಷವೂ ಹಿಂದೆ ನಿಂತು ಅನುಸರಿಸಿದ ಹುಡುಗ ಒಂದು ದಿನ ಮುಂದೆ ನಿಲ್ಲುವನು. ಪುಸ್ತಕವಿಲ್ಲ, ಪರೀಕ್ಷೆಯೂ ಇಲ್ಲ. (ನಮ್ಮ ತರಗತಿಗಳಲ್ಲಿ ಪದ್ಯ ಬಾಯಿಗೆ ಬರುವುದು ಪರೀಕ್ಷೆಯ ಹಿಂದಿನ ರಾತ್ರಿ, ಹೋಗುವುದು ಮರುದಿನ.)

1965ರಲ್ಲಿ ಕಬ್ಬಿಣದ ಕಾರ್ಖಾನೆಯ ಭದ್ರಾವತಿಗೆ ಆಕಾಶವಾಣಿ ಬಂದಿತು. ಹಳ್ಳಿಯ ಪದಗಳು ನೂರಾರು ಊರುಗಳಿಗೆ ಏಕಕಾಲದಲ್ಲಿ ಕೇಳಿಸುವಂತಾದುದು ಸಾಮಾನ್ಯ ಉಪಕಾರವಲ್ಲ. ತಮ್ಮ ಹಾಡಿಗೆ ಬೆಲೆಯುಂಟೆಂದು ಹಾಡುವವರಿಗೇ ಅದರಿಂದ ಅರಿವಾಯಿತು. ಆದರೆ ಗಡಿಯಾರದ ಮುಳ್ಳಿಗೆ ರಾತ್ರಿಯ ಹಾಡು ಹೊಂದುವುದೆಂತು? ಬಾಗಿಲೇ ಇಲ್ಲದ ಕೋಣೆಯಲ್ಲಿ ಕುಳಿತು ಬಾಗಿಲು ತೆರೆಯಿರೆಂದು ಹಾಡಿದರೆ ಧ್ವನಿ ಉಳಿದೀತು, ಪ್ರಸಂಗ ಉಳಿಯದು. ವೇದಿಕೆಯ ಪಾಡೂ ಹೀಗೆಯೇ. ಅಲ್ಲಿ ಬಣ್ಣದ ಉಡುಪು ಹೆಚ್ಚಿತು, ಸೊಲ್ಲು ಕಡಿಮೆಯಾಯಿತು.

ಆದರೂ ಆಕಾಶವಾಣಿಯನ್ನು ದೂರುವುದು ನ್ಯಾಯವಲ್ಲ. ತಪ್ಪಿನ ಬಹುಭಾಗ ವಿದ್ಯಾಲಯಗಳದು. ಜಾನಪದ ಗೀತೆಯ ಸ್ಪರ್ಧೆಯೆಂದರೆ ಒಬ್ಬ ಬಾಲಕನನ್ನು ಧ್ವನಿವರ್ಧಕದ ಮುಂದೆ ನಿಲ್ಲಿಸಿ, ಚಿತ್ರಗೀತೆಯಂತೆ ಹಾಡಿಸಿ, ಲೋಟವೊಂದನ್ನು ಕೊಟ್ಟು ಕಳುಹಿಸುವುದೆಂದಾಗಿದೆ. ಹಿಂದೆ ನಿಲ್ಲಲು ಕಲಿತ ಮಕ್ಕಳಿಗೆ ಅಲ್ಲಿ ಸ್ಥಳವಿಲ್ಲ, ಅಂಕವೂ ಇಲ್ಲ. ಎಲ್ಲರೂ ಮುಮ್ಮೇಳವಾಗಬೇಕೆಂದರೆ ಮೇಳವೆಲ್ಲಿ?

ಗ್ರಾಮ್ಯ ಪದಗಳಿಗೆ ತರಗತಿಯಲ್ಲಿ ಏನು ಕೆಲಸವೆಂದು ಕೇಳುವ ಪಂಡಿತರು ಈಗಲೂ ಉಂಟು. ಓದಿ ಕಲಿಯದೆಯೂ ಕಾವ್ಯದಲ್ಲಿ ನುರಿತ ಜನ ಕನ್ನಡ ನಾಡಿನವರೆಂದು 9ನೆಯ ಶತಮಾನದ ಕವಿರಾಜಮಾರ್ಗವೇ ಮೆಚ್ಚಿ ನುಡಿದಿದೆ. ಅದನ್ನು ವಿದ್ಯಾರ್ಥಿಗಳಿಗೆ ಬೋಧಿಸುತ್ತ, ಅಂಥ ಜನ ಬಾಗಿಲಿಗೆ ಬಂದಾಗ ಒಳಗೆ ಕರೆಯದಿರುವುದು ವಿಚಿತ್ರ ಪಾಂಡಿತ್ಯ.

ಊರಿನ ಹಾಡುಗಾರರನ್ನು ವಾರ್ಷಿಕೋತ್ಸವದ ಸಂಜೆ ಶಾಲು ಹೊದಿಸುವುದಕ್ಕಾಗಿ ಮಾತ್ರ ಕರೆಸದೆ, ಒಂದು ತಿಂಗಳು ಶಾಲೆಯಲ್ಲಿ ಗುರುಗಳಾಗಿ ಇರಿಸಿಕೊಳ್ಳಬಹುದು. ದಾನಿಗಳು ಫಲಕಗಳಿಗೆ ವ್ಯಯಿಸುವ ದ್ರವ್ಯ ಅವರ ಸಂಭಾವನೆಗೆ ಸಲ್ಲಬಹುದು. ಹಳ್ಳಿಗಳಿಂದ ಬಂದು ಓದಿದ ಹಳೆಯ ವಿದ್ಯಾರ್ಥಿಗಳಲ್ಲಿ ಬಾಲ್ಯದಲ್ಲಿ ದೀಪದ ಹಿಂದೆ ನಡೆದವರು ಇರಲೇಬೇಕು. ಹಾಡು ಮರೆತಿದ್ದರೂ, ಯಾವ ಮನೆಯ ಅಜ್ಜನಿಗೆ ಅದು ಪೂರ್ತಿ ಬರುವುದೆಂದು ಅವರು ಬಲ್ಲರು. ಬರುವ ದೀಪಾವಳಿಗೆ ಮೊದಲೇ ಆ ಮನೆಗೆ ಹೋಗಿಬರುವ ಕೆಲಸವನ್ನು ಅವರಿಗೇ ವಹಿಸತಕ್ಕದ್ದು.