ಚೌರಸ ಫೂಟಿನ ರೇಟಿಗೆ ಸಿಗದ ಮನೆ

ಹಳೆ ಮನೆ ರಿಪೇರಿಗೆ ಕರೆದ ಗುತ್ತೇದಾರ ಪಡಸಾಲೆಯಲ್ಲಿ ಕೂತು ಚಹಾ ಕುಡಿದು, ಟೇಪು ಹಿಡಿದು ಉದ್ದಗಲ ಅಳೆದು, ಮೊಬೈಲಿನಲ್ಲಿ ಗುಣಿಸಿ, "ಚೌರಸ ಫೂಟಿಗೆ ಇಷ್ಟ್ ಆಗ್ತದ ರೀ, ಮುಂದಿಂದೆಲ್ಲಾ ನನಗ ಬಿಡ್ರಿ" ಅಂದರೆ, ಇನ್ನೊಂದು ಕಪ್ ಚಹಾ ಕೊಟ್ಟು ಕಳಿಸಿಬಿಡಿ. ಕೆಲಸ ಕೊಡಬೇಡಿ. ವಿಜಯಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ ನನಗೆ ಗುಣಾಕಾರದ ಮೇಲೇನೂ ಸಿಟ್ಟಿಲ್ಲ. ಆದರೆ ಹೊಸ ಮನೆಗೆ ಒಪ್ಪುವ ಲೆಕ್ಕವನ್ನು ಹಳೆ ಮನೆಗೆ ಹಚ್ಚಿದರೆ ಉತ್ತರ ತಪ್ಪುತ್ತದೆ.

ತಿಕೋಟಾ, ಬಬಲೇಶ್ವರ ಕಡೆ ಈಗ ಮನೆ ಕೆಲಸದ ಹಂಗಾಮು ಮುಗಿಯುವುದೇ ಇಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂತು. ಟ್ಯಾಂಕರಿನಲ್ಲಿ ನೀರು ತಂದು ದ್ರಾಕ್ಷಿ ಬಳ್ಳಿ ಉಳಿಸಿಕೊಂಡವರ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿತು. ಮೊದಲ ಖರ್ಚು ಮನೆಗೇ. ಹೆಚ್ಚಿನವು ಅಜ್ಜ-ಮುತ್ತಜ್ಜರ ಕಾಲದ ಮಾಳಿಗೆ ಮನೆಗಳು: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಸಾಗವಾನಿಯ ಕಂಬ-ತೊಲೆ, ಜಂತಿಯ ಮೇಲೆ ಹಾಳಮಣ್ಣು, ನಡುವೆ ಬೆಳಕಿಂಡಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪದಲ್ಲಿ ಇಂಥವೇ ಮನೆಗಳು ಮಲಗಿದವರ ಮೇಲೆ ಬಿದ್ದ ಮೇಲೆ ನಮ್ಮವರಿಗೆ ಮಾಳಿಗೆಯೆಂದರೆ ಅಂಜಿಕೆ, ಸ್ಲ್ಯಾಬ್ ಎಂದರೆ ಧೈರ್ಯ. 2021, 2022ರಲ್ಲಿ ನಮ್ಮ ಜಿಲ್ಲೆಯಲ್ಲೇ ನೆಲ ನಡುಗಿದಾಗ ಆ ಅಂಜಿಕೆ ಮತ್ತೆ ಎದ್ದಿತು. ಅಂಜಿಕೆ ಖರೆಯದೇ. ಆದರೆ ಕಂಬ-ಬೀಮು ಎಬ್ಬಿಸದೆ, ಅದೇ ಮಣ್ಣುಗೋಡೆಯ ನೆತ್ತಿಗೆ ಕಾಂಕ್ರೀಟ್ ಸ್ಲ್ಯಾಬ್ ಏರಿಸಿ "ಈಗ ಗಟ್ಟಿ ಆತು ನೋಡ್ರಿ" ಅನ್ನುವ ಗುತ್ತೇದಾರ ಅಪಾಯವನ್ನು ಇಳಿಸಿಲ್ಲ, ಭಾರವನ್ನು ಗೋಡೆಯ ಮೇಲೆ ಹೊರಿಸಿದ್ದಾನೆ.

ತಿಕೋಟಾದ ನಮ್ಮ ಮಾವನವರ ಮನೆಗೆ ಹಲವರು ಬಂದು ರೇಟು ಹೇಳಿ ಹೋದರು. ಒಬ್ಬ ಗೌಂಡಿ ಮಾತ್ರ ಟೇಪು ತೆಗೆಯಲಿಲ್ಲ. ಹಾರೆಯ ತುದಿಯಿಂದ ಗೋಡೆಯ ಸಂದಿ ಕೆದರಿ ಮಣ್ಣನ್ನು ಬೆರಳಲ್ಲಿ ತಿಕ್ಕಿದ. ಮಳೆಗಾಲದಲ್ಲಿ ಎಲ್ಲಿ ತೇವ ಏರುತ್ತದೆ, ಮಾಳಿಗೆಯ ನೀರು ಯಾವ ಮಗ್ಗುಲಿಗೆ ಬೀಳುತ್ತದೆ, ಬಡಗಣ ಗೋಡೆ ನಮ್ಮದೋ ಆಚೆಮನೆಯವರದೂ ಹೌದೋ ಎಂದು ಕೇಳಿದ. ಎರೆ ನೆಲ ನೀರುಂಡು ಉಬ್ಬಿ, ಬೇಸಿಗೆಗೆ ಬಿರಿಯುವುದರಿಂದ ಪಾಯದ ಒಂದು ಮೂಲೆ ಅಗೆದು ನೋಡಬೇಕೆಂದ. ಕೊನೆಗೆ, "ಗ್ವಾಡಿ ಒಂಚೂರು ಬಿಚ್ಚದ ಖರೇ ರೇಟ್ ಹೇಳಾಕ ಬರೂದಿಲ್ರಿ ಬಾಯಾರ" ಅಂದ. ನಮ್ಮ ಮೈದುನನಿಗೆ ಇದು ಸೇರಲಿಲ್ಲ. "ರೇಟ್ ಹೇಳಾಕ ಬರದವ ಎಂಥಾ ಗುತ್ತೇದಾರ್ರಿ ವೈನಿ?" ನನಗೆ ಮಾತ್ರ ಆ ಉತ್ತರವೇ ಅವನ ಸರ್ಟಿಫಿಕೇಟ್ ಅನ್ನಿಸಿತು. ಕೆಲಸ ಅವನಿಗೇ ಹೋಯಿತು.

ಇನ್ನು ಕಾಗದದ ಮಾತು. ನಮ್ಮಲ್ಲಿ ಗುತ್ತೇದಾರ ಬೀಗರ ಪೈಕಿಯವನಾಗಿದ್ದರೆ, ಇಲ್ಲವೇ ನಮ್ಮ ಓಣಿಯವನಾಗಿದ್ದರೆ, ಕರಾರು ಬರೆಯೋಣ ಅನ್ನುವುದೇ ಅವಮಾನ. "ನಮ್ಮಾಂವಗ ಕಾಗದ ಯಾಕ?" ಇಂಥವರನ್ನು ಒಮ್ಮೆ ವಿಜಯಪುರದ ಬಾದಶಹನ ಗೋರಿ ಇಬ್ರಾಹಿಂ ರೋಜಾಕ್ಕೆ ಕರೆದುಕೊಂಡು ಹೋಗಬೇಕು. ಆ ಕಟ್ಟಡದ ಮೇಲೆ ಫಾರ್ಸಿಯಲ್ಲಿ ಕೆತ್ತಿದ ಶಾಸನವಿದೆ: ಕಟ್ಟಿಸಿದವರ ಹೆಸರು, ಕೆಲಸ ಪೂರೈಸಿದ ಮಲಿಕ್ ಸಂದಲ್‌ನ ಹೆಸರು, ಜೊತೆಗೆ ಖರ್ಚು, ಒಂದೂವರೆ ಲಕ್ಷ ಹೊನ್ನು, ಮೇಲೆ ಒಂಬೈನೂರು. ಆ ಒಂಬೈನೂರು ನನಗೆ ಬಹಳ ಇಷ್ಟ. ಒಂದೂವರೆ ಲಕ್ಷದ ಮುಂದೆ ಅದನ್ನು ಬಿಟ್ಟುಬಿಡಬಹುದಿತ್ತು; ಬಿಡಲಿಲ್ಲ. ಬಾದಶಹನ ಮನೆತನಕ್ಕೆ ಅವಮಾನವಾಗದ ಲೆಕ್ಕ ನಮ್ಮ ಬೀಗರಿಗೆ ಆಗಬೇಕೆ?

ಕಾಗದದಲ್ಲಿ ಸಿಮೆಂಟು, ಸ್ಟೀಲು ಯಾರು ತರುತ್ತಾರೆ, ಬಿಲ್ಲು ಯಾರ ಹೆಸರಿಗೆ, ಉಸುಕು ಎಂಥದು, ಎಷ್ಟು ಬ್ರಾಸ್ ಎಂಬುದನ್ನು ಹೇಗೂ ಬರೆಯುತ್ತಾರೆ. ಮರೆಯುವುದು ಕೆಡವಿದ ಸಾಮಾನನ್ನು. ಹಳೆ ಸಾಗವಾನಿ ತೊಲೆ, ಕೆತ್ತನೆಯ ಚೌಕಟ್ಟು, ಕಪ್ಪು ಕಲ್ಲಿನ ಕಟ್ಟೆಗಳಿಗೆ ಈಗ ಒಳ್ಳೆ ಬೆಲೆಯಿದೆ. ಪಟ್ಟಣದಲ್ಲಿ ಹೋಟೆಲು, ರೆಸಾರ್ಟಿನವರು ಹುಡುಕಿಕೊಂಡು ಬರುತ್ತಾರೆ. ಅಗ್ಗದ ರೇಟು ಹೇಳಿದ ಗುತ್ತೇದಾರ "ಹಳೇದೆಲ್ಲಾ ನಾನೇ ಎತ್ತಿಸಿಬಿಡ್ತೀನ್ರಿ, ಟ್ರ್ಯಾಕ್ಟರ್ ಬಾಡಿಗಿ ನಿಮಗ ಬ್ಯಾಡ" ಅಂದರೆ ಅದು ಉಪಕಾರವಲ್ಲ. ಮುತ್ತಜ್ಜ ತರಿಸಿದ ತೊಲೆ ಆ ಟ್ರ್ಯಾಕ್ಟರಿನಲ್ಲೇ ಹೋಗುತ್ತದೆ. ಕೆಡವುವ ಮೊದಲೇ ತೊಲೆ, ಕಂಬ, ಬಾಗಿಲು ಎಣಿಸಿ, ಫೋಟೊ ತೆಗೆದು, ಯಾರಿಗೆ ಸೇರಿದ್ದೆಂದು ಬರೆದಿಡಿ.

ನೀರಿನ ಬಗ್ಗೆಯೂ ಬರೆಯಬೇಕು. ಕಾಂಕ್ರೀಟಿನ ಮಾನಕ ಐಎಸ್ 456 ಪ್ರಕಾರ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ 10 ದಿನ ನೀರುಣಿಸಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಅದಕ್ಕಿಂತ ಹೆಚ್ಚೇ ಬೇಕು. ಡೋಣಿ ಸೀಮೆಯ ಸವಳು ಬೋರ್ ನೀರು ಕಬ್ಬಿಣ ಇರುವ ಕಾಂಕ್ರೀಟಿಗೆ ಒಳ್ಳೆಯದಲ್ಲ. ಟ್ಯಾಂಕರ್ ತರಿಸುವವರು ಯಾರು, ಸಂಜೆ ಪೈಪು ಹಿಡಿಯುವವರು ಯಾರು? ಬರೆಯದಿದ್ದರೆ ಗುತ್ತೇದಾರ ಮಾಲಕರೆಂದು ಬಿಡುತ್ತಾನೆ, ಮಾಲಕರು ಗುತ್ತೇದಾರನೆಂದು ಬಿಡುತ್ತಾರೆ.

ವಿಜಯಪುರ ನಗರದಲ್ಲಿ ಮನೆಯಿದ್ದವರಿಗೆ ಇನ್ನೊಂದು ಪರೀಕ್ಷೆಯಿದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. 1992ರ ಜೂನ್ 16ಕ್ಕೆ ಮುಂಚಿನ ಮನೆಯ ದುರಸ್ತಿಗೂ ಅನುಮತಿ ಬೇಕು. ಅಲ್ಲಿಂದಾಚೆಯ 200 ಮೀಟರಿನಲ್ಲೂ ಕೇಳಿಯೇ ಕೆಲಸ ಹಿಡಿಯಬೇಕು. ನಮ್ಮ ಊರಲ್ಲಿ ಸ್ಮಾರಕವಿಲ್ಲದ ಓಣಿ ಹುಡುಕುವುದೇ ಕಷ್ಟ. ಮನೆ ನೋಡಲು ಬಂದವನು ತಾನಾಗಿ ಈ ಮಾತು ಎತ್ತುತ್ತಾನೋ ಇಲ್ಲವೋ ಗಮನಿಸಿ. "ಅದೆಲ್ಲಾ ನಾ ನೋಡ್ಕೋತೀನಿ" ಅಂದರೆ, ನೋಟಿಸು ಬರುವುದು ಅವನ ಹೆಸರಿಗಲ್ಲ.

ಅವನು ಮೊದಲು ಮಾಡಿದ ಮನೆ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು, ಎರಡು ಮಳೆಗಾಲ ಕಂಡ ಮನೆ ನೋಡಿ. ಮತ್ತು ದುಡ್ಡು ಕೊಟ್ಟ ಯಜಮಾನನನ್ನು ಬಿಟ್ಟು ಅಡುಗೆಮನೆಯವರನ್ನು ಕೇಳಿ. ಗಂಡಸರು ಹೊರಗಿನ ಎಲಿವೇಶನ್ ತೋರಿಸುತ್ತಾರೆ. ಬಚ್ಚಲ ನೀರು ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಕಟ್ಟೆಯ ಕೆಳಗಿನ ಫರಸಿ ಯಾವಾಗ ಸಡಿಲಾಯಿತು, ಕರೆದರೆ ಗೌಂಡಿ ಬಂದನೋ ಫೋನೇ ಎತ್ತಲಿಲ್ಲವೋ, ಇದೆಲ್ಲ ಸೊಸೆಗೆ ಗೊತ್ತು. ಹಾಗೆಯೇ ಕೆಲಸ ಮಾಡುವ ಕೈ ಯಾರದೆಂದು ತಿಳಿದುಕೊಳ್ಳಿ. ನಮ್ಮ ಜಿಲ್ಲೆಯ ಒಳ್ಳೊಳ್ಳೆ ಗೌಂಡಿಗಳು ಗೋವಾ, ಮಂಗಳೂರು, ಪುಣೆಗಳಲ್ಲಿ ಇನ್ನೊಬ್ಬರ ಮನೆ ಕಟ್ಟುತ್ತಿದ್ದಾರೆ; ಹಲವರು ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೇ ಊರಿಗೆ ಬರುವುದು. ಮಾತಾಡಲು ಬಂದವನೊಬ್ಬ, ಗಿಲಾವ್ ಮಾಡುವವನು ಇನ್ನೊಬ್ಬ ಆಗಬಾರದು.

ಕೆಲಸ ಕೆಟ್ಟರೆ ರೇರಾಕ್ಕೆ, ಅಂದರೆ ರಿಯಲ್ ಎಸ್ಟೇಟ್ ಪ್ರಾಧಿಕಾರಕ್ಕೆ, ಹೋಗುತ್ತೇನೆ ಅನ್ನುವವರಿದ್ದಾರೆ. ನಮ್ಮ ಸ್ವಂತ ಮನೆಯ ರಿಪೇರಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಗ್ರಾಹಕ ಆಯೋಗಕ್ಕೆ ಬರುತ್ತದೆ: 2019ರ ಕಾಯ್ದೆಯಲ್ಲಿ ಮನೆ ಕಟ್ಟುವುದೂ ಒಂದು ಸೇವೆಯೇ. ಎರಡು ವರ್ಷದೊಳಗೆ ದೂರು ಕೊಡಬೇಕು, ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ. ಆದರೆ ಅಲ್ಲಿಯೂ ಮೊದಲು ಕೇಳುವುದು ಆ ಕಾಗದವನ್ನೇ.

ದುಡ್ಡಿನ ವಿಷಯದಲ್ಲಿ ನನ್ನದು ಒಂದೇ ಹಟ. ಸರ್ಕಾರಿ ಕೆಲಸದಲ್ಲಿ ಗುತ್ತೇದಾರನ ಹಣದಲ್ಲಿ ಒಂದು ಪಾಲನ್ನು ಕೆಲಸ ಮುಗಿದ ಮೇಲೂ ಹಿಡಿದಿಡುತ್ತಾರೆ. ಮನೆಯವರು ಯಾಕೆ ಹಿಡಿಯಬಾರದು? ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರಿನದು. ಬೇಸಿಗೆಯಲ್ಲಿ ಮುಗಿದ ಕೆಲಸದ ಶೇ 10ರಷ್ಟು ಹಣ ಸೆಪ್ಟೆಂಬರ್ ಕಳೆದ ಮೇಲೆ ಕೊಡಬೇಕು. ಉಳಿದದ್ದನ್ನು ಮಾತ್ರ ಆಯಾ ಹಂತ ಮುಗಿದ ವಾರವೇ ಕೊಟ್ಟುಬಿಡಬೇಕು. "ಮಣೂಕ ಮಾರಿದ ಮ್ಯಾಲ ಕೊಡ್ತೀನಿ" ಎಂದು ತಿಂಗಳುಗಟ್ಟಲೆ ಓಡಾಡಿಸುವ ಮಾಲಕರಿಂದಾಗಿಯೂ ಒಳ್ಳೆ ಗೌಂಡಿಗಳು ಗೋವಾದ ಬಸ್ಸು ಹತ್ತುತ್ತಾರೆ.

ನಮ್ಮ ಗೌಂಡಿ ಈ ಶರತ್ತಿಗೆ ಒಪ್ಪಿದ, ತನ್ನದೊಂದನ್ನೂ ಸೇರಿಸಿದ. "ಹತ್ತು ಪರ್ಸೆಂಟ್ ಇಟ್ಕೋರಿ. ಆದ್ರ ಬೆಳಕಿಂಡಿ ಮ್ಯಾಲ ನೀವು ಬ್ಯಾರೇದವರ ಕಡಿಂದ ಪತ್ರಾ ಹಾಕಿಸಿದ್ರ, ಆ ಸೋರಿಕಿ ನನ್ನ ಲೆಕ್ಕಕ್ಕ ಹಚ್ಚಬ್ಯಾಡ್ರಿ." ನ್ಯಾಯವಾದ ಮಾತು. ಅದನ್ನೂ ಕರಾರಿನಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು.