ಕಲ್ಲು ನೆಲಕ್ಕೂ ಒಂದು ಹೆಸರು ಬೇಡವೇ?

ಅಣ್ಣನ ಮಗ ಬೆಂಗಳೂರಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾನೆ. ಹಬ್ಬಕ್ಕೆ ಬಂದವನು ಖಾಲಿ ಬಾಟಲಿಯೊಂದನ್ನು ತಂದು ಜಗಲಿ ಮೇಲಿಟ್ಟ. "ಚಿಕ್ಕಪ್ಪ, ಇದು ಇಟಲಿಯ ಕೆಂಪು ವೈನು, ಸಸ್ಸಿಕಾಯಾ ಅಂತ. ನಮ್ಮ ಒಂದೆಕರೆ ರಾಗಿ ಮಾರಿದ್ರೂ ತುಂಬಿದ ಬಾಟಲಿ ಬರಲ್ಲ" ಅಂದ. ನನಗೆ ಸಸಿ, ಕಾಯಿ ಅಂದಂಗೆ ಕೇಳಿಸಿತು. ಅರ್ಥ ಕೇಳಿದೆ. ಕಲ್ಲು ತುಂಬಿದ ಜಾಗ ಅಂತಂತೆ! ನಾನು ಕುಡಿಯೋನಲ್ಲ. ಆದರೆ ಆ ಮಾತು ತಲೆಯಲ್ಲಿ ಕೂತಿತು. ಕಲ್ಲಿಗೇ ಬೆಲೆ ಅನ್ನೋದಾದರೆ ರಾಮನಗರ, ಮಾಗಡಿ, ಕನಕಪುರದವರಿಗೆ ಬಡತನ ಯಾಕೆ?

ಆ ವೈನಿನ ಊರು ಇಟಲಿಯ ಕಡಲ ಕರೆಯ ಬೊಲ್ಗೆರಿ. ಮಾರಿಯೋ ಇನ್ಚೀಸಾ ಎಂಬ ದೊಡ್ಡ ಜಮೀನ್ದಾರರು 1940ರ ದಶಕದಲ್ಲಿ ಅಲ್ಲಿನ ಕಲ್ಲು ನೆಲಕ್ಕೆ ಫ್ರಾನ್ಸಿನ ಕಾಬರ್ನೆ ದ್ರಾಕ್ಷಿ ಬಳ್ಳಿ ಹಾಕಿದರು. ಬಹಳ ವರ್ಷ ಅದು ಮನೆಯವರು ಕುಡಿಯುವ ವೈನಾಗಿಯೇ ಉಳಿಯಿತು. ಮಾರಾಟಕ್ಕೆ ಬಂದದ್ದು 1968ರ ಬೆಳೆಯಿಂದ. ಆಮೇಲೂ 1994ರವರೆಗೆ ಅಲ್ಲಿನ ಕಾನೂನಿನ ಲೆಕ್ಕದಲ್ಲಿ ಅದು ಮಾಮೂಲಿ ಊಟದ ವೈನೇ. 2013ರಲ್ಲಿ ಆ ತೋಟದ ಹೆಸರಿಗೇ ಪ್ರತ್ಯೇಕ ಮಾನ್ಯತೆ ಸಿಕ್ಕಿತು.

ಇದನ್ನೆಲ್ಲ ಹೇಳಿ ಹುಡುಗ ಅಂದ, "ನಾವೂ ಒಂದೆಕರೆ ವೈನ್ ದ್ರಾಕ್ಷಿ ಹಾಕೋಣ. 2007ರಲ್ಲೇ ಸರಕಾರ ವೈನ್ ನೀತಿ ತಂದಿದೆ. ಚನ್ನಪಟ್ಟಣದ ಹತ್ತಿರ ಹೆರಿಟೇಜ್ ವೈನರಿನೂ ಇದೆ."

ನನ್ನ ಅನುಭವ ಹೇಳಿದೆ. ಹಿಂದೆ ಸಾಲ ಮಾಡಿ ಅರ್ಧ ಎಕರೆ ನೀಲಿ ದ್ರಾಕ್ಷಿ ಹಾಕಿದ್ದೆ. ಕಲ್ಲು ಕಂಬ, ತಂತಿ, ಚಪ್ಪರಕ್ಕೇ ಕೈ ಬರಿದಾಯಿತು. ಮೋಡ ಕವಿದರೆ ಸಾಕು, ಎಲೆಯಡಿ ಬೂಜು. ಬೋರ್ಡೋ ದ್ರಾವಣ ಹೊಡೆದು ಹೊಡೆದು ಸುಸ್ತು. ಕಾಯಿ ಬಣ್ಣ ತಿರುಗುವ ಹೊತ್ತಿಗೆ ಮಳೆ ಹಿಡಿದು ಹಣ್ಣು ಬಿರಿಯಿತು. ಮೂರನೇ ವರ್ಷ ಕೊಳವೆಬಾವಿ ಬತ್ತಿತು. ಕಂಬ ಕಿತ್ತು ಮಾರಿ ಬಡ್ಡಿ ಕಟ್ಟಿದೆ. ಇಟಲಿಯ ಜಮೀನ್ದಾರರಿಗೆ ಇಪ್ಪತ್ತು ವರ್ಷ ಕಾಯುವ ತಾಕತ್ತಿತ್ತು. ನಮಗೆ ಎರಡು ವರ್ಷ ಕಾಯೋದೂ ಕಷ್ಟ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಆ ಬಾಟಲಿಯಿಂದ ನಾವು ಕಲಿಯಬೇಕಾದ್ದು ದ್ರಾಕ್ಷಿ ಬೇಸಾಯವಲ್ಲ, ನೆಲದ ಹೆಸರನ್ನು ಬಿಡದೆ ಹಿಡಿಯೋದು. ನಾವು ಅದನ್ನೇ ಬಿಟ್ಟಿದ್ದೇವೆ. ರೇಷ್ಮೆಗೂಡು ಮಾರೋದು ರಾಮನಗರದಲ್ಲಿ, ಸೀರೆಯಾಗಿ ಹೆಸರು ಪಡೆಯೋದು ಮೈಸೂರು ಸಿಲ್ಕ್ ಅಂತ. ನಮ್ಮ ಬಾದಾಮಿ ಮಾವು ಮಂಡಿಗೆ ಹೋದ ಮೇಲೆ ಯಾವೂರ ಹಣ್ಣೆಂದು ಕೇಳೋರಿಲ್ಲ. ಬೆಂಗಳೂರು ನೀಲಿ ದ್ರಾಕ್ಷಿಗೆ ಅದೇ 2013ರಲ್ಲಿ ಭೌಗೋಳಿಕ ಗುರುತು ಬಂತು. ಆದರೆ ನಾನು ನೋಡಿದ ಯಾವ ಪೆಟ್ಟಿಗೆಯ ಮೇಲೂ ಆ ಗುರುತು ಕಂಡಿಲ್ಲ. ಕಾಗದದಲ್ಲಿರುವ ಹೆಸರಿನಿಂದ ರೈತನ ಜೇಬು ತುಂಬದು.

"ಹೆಸರು ಮಾಡೋಕೆ ಜಮೀನ್ದಾರನೇ ಆಗಬೇಕಲ್ಲ?" ಅಂತ ಕೇಳಬಹುದು. ಬೇಕಿಲ್ಲ. ಬೆಳಗ್ಗೆ ಡೇರಿಗೆ ಹೋಗಿ ನೋಡಿ. ಒಂದು ಹಸು ಕಟ್ಟಿದವಳ ಎರಡು ಲೀಟರ್ ಹಾಲೂ 'ನಂದಿನಿ' ಹೆಸರಲ್ಲೇ ಮಾರಾಟವಾಗುತ್ತೆ. ಅಳತೆ ಉಂಟು, ಜಿಡ್ಡಿನ ಪರೀಕ್ಷೆ ಉಂಟು, ನೀರು ಬೆರೆಸಿದರೆ ವಾಪಸ್ಸು. ಆ ಶಿಸ್ತಿನಿಂದಲೇ ಹೆಸರು ನಿಂತಿದೆ.

ಮಾಗಡಿ ಅವರೆಕಾಯಿಯ ಸೊಗಡನ್ನು ಬೆಂಗಳೂರಿನವರು ಬಲ್ಲರು. ಅದು ಮಳೆ, ಮಂಜಲ್ಲೇ ಬರುವ ಬೆಳೆ, ಕೊಳವೆಬಾವಿ ಕೇಳೋದಿಲ್ಲ. ಹತ್ತು ಜನ ಸೇರಿ, ಎಳೆಕಾಯಿ ಬೆರೆಸದೆ, ಮೂಟೆಯ ಮೇಲೆ ಊರ ಹೆಸರು ಬರೆದು ಕಳಿಸಿದರೆ ಏನು ನಷ್ಟ? ಮೊದಲ ವರ್ಷ ಬೆಲೆ ಹೆಚ್ಚು ಸಿಗಲಿಕ್ಕಿಲ್ಲ. ಆದರೆ ಸಾಲವಂತೂ ಆಗೋದಿಲ್ಲ.

ಅಣ್ಣನ ಮಗ ಇನ್ನೂ ಒಪ್ಪಿಲ್ಲ. ಬಾಟಲಿ ಮಾತ್ರ ನಮ್ಮನೆಯಲ್ಲೇ ಇದೆ. ಈ ಸಲದ ಅವರೆ ಬಿತ್ತನೆ ಬೀಜವನ್ನು ಬೂದಿ ಬೆರೆಸಿ ಅದರಲ್ಲೇ ತುಂಬಿಟ್ಟಿದ್ದೇನೆ.